ನನ್ನ ಹಾರೆಯಿಂದಲೇ ನನ್ನ ಶೆಡ್ ಮೀಟಿದರು

ಬೀಗ ಮುರಿದಿರಲಿಲ್ಲ. ರಾತ್ರಿ ನಾನು ಹಾಕಿ, ಒಮ್ಮೆ ಜಗ್ಗಿ ನೋಡಿ ಬಂದಿದ್ದ ಹಾಗೇ ಹಾಕಿಕೊಂಡಿತ್ತು. ಅದನ್ನು ಹಿಡಿದಿದ್ದ ಚಿಲಕದ ಪಟ್ಟಿ ಮಾತ್ರ ನಾಲ್ಕೂ ಸ್ಕ್ರೂ ಸಮೇತ ಚೌಕಟ್ಟಿನಿಂದ ಕಿತ್ತು ಬಂದು, ಬೀಗದ ಜೊತೆಗೇ ಬಾಗಿಲಿಗೆ ಜೋತಾಡುತ್ತಿತ್ತು. ಮರ ಸಿಗಿದು ಬಿಳಿ ಸಿಬಿರು ಎದ್ದಿತ್ತು. ಕೆಳಗೆ ನನ್ನದೇ ಹಾರೆ ಬಿದ್ದಿತ್ತು. ಹಿಂದಿನ ಸಂಜೆ ಗುಂಡಿ ತೋಡಿದವನು ಅದನ್ನು ಶೆಡ್ಡಿನ ಗೋಡೆಗೇ ಒರಗಿಸಿ ಮನೆಗೆ ಬಂದಿದ್ದೆ.

ಬ್ರಷ್ ಕಟರ್, ಚೈನ್ ಸಾ, ಗ್ರೈಂಡರ್, ಡ್ರಿಲ್ಲು, ಪಂಪಿಗೆಂದು ತಂದಿಟ್ಟಿದ್ದ ಹೊಸ ಕೇಬಲ್ ಸುರುಳಿ, ಎಲ್ಲ ಹೋಗಿತ್ತು. ಅಷ್ಟನ್ನೂ ಸಾಗಿಸಲು ನನ್ನ ಕೈಗಾಡಿಯನ್ನೇ ಬಳಸಿದ್ದರು. ಅದರ ಒಂಟಿ ಚಕ್ರದ ಗೆರೆ ಕೆಸರಿನಲ್ಲಿ ಹಿಂಬದಿಯ ಬೇಲಿವರೆಗೆ ಹೋಗಿ ನಿಂತಿತ್ತು. ಬೇಲಿ ತಂತಿ ಕತ್ತರಿಸಿದ್ದು ನನ್ನ ಕಟಿಂಗ್ ಪ್ಲೈಯರಿನಿಂದ. ಕೆಲಸ ಮುಗಿದ ಮೇಲೆ ಅದನ್ನು ಕಂಬದ ಮೊಳೆಗೆ ನೇತುಹಾಕಿ ಹೋಗಿದ್ದರು. ನಾನೇ ಅಷ್ಟು ಅಚ್ಚುಕಟ್ಟಾಗಿ ಇಟ್ಟವನಲ್ಲ.

ದೂರು ಬರೆಸಲು ಹೋದಾಗ ಕೇಳಿದ್ದು ಎರಡೇ ಪ್ರಶ್ನೆ: ಮಾಡೆಲ್ ಯಾವುದು, ಸೀರಿಯಲ್ ನಂಬರ್ ಎಷ್ಟು? ಎರಡೂ ನನ್ನಲ್ಲಿರಲಿಲ್ಲ. "ಕಿತ್ತಳೆ ಬಣ್ಣದ್ದು ಸಾರ್" ಎಂದೆ. ಬರೆದುಕೊಂಡರು.

ಆಮೇಲೆ ಎರಡು ವಾರ ನಾನು ಮಾಡಿದ್ದು ತಪ್ಪು ಕೆಲಸ. ಆಗಾಗ ಕೂಲಿಗೆ ಬರುತ್ತಿದ್ದ ಒಬ್ಬ ಹಿರಿಯರ ಮೇಲೆ ಅನುಮಾನಪಟ್ಟು, ಕರೆಯುವುದನ್ನೇ ನಿಲ್ಲಿಸಿದೆ. ಯಾವುದು ಎಲ್ಲಿದೆ ಎಂದು ಅವರಿಗೆ ಮಾತ್ರ ಗೊತ್ತಿತ್ತು ಎಂಬುದು ನನ್ನ ಲೆಕ್ಕ. ಒಂದು ಸಂಜೆ ರಸ್ತೆಯಲ್ಲಿ ನಿಂತು ನಮ್ಮ ಜಾಗ ನೋಡಿದಾಗ ಆ ಲೆಕ್ಕ ಬಿದ್ದುಹೋಯಿತು. ಶೆಡ್ಡಿನ ಬಾಗಿಲು ನೇರ ರಸ್ತೆಗೇ ಮುಖ ಮಾಡಿತ್ತು. ಹಗಲಿಡೀ ತೆರೆದಿಡುವ ಬಾಗಿಲು. ಹೋಗಿಬರುವ ಯಾರಿಗಾದರೂ ಒಳಗಿನ ಸಾಮಾನು ಸಾಲಾಗಿ ಕಾಣುತ್ತಿತ್ತು. ಆ ಹಿರಿಯರು ಈಗ ಮತ್ತೆ ಬರುತ್ತಾರೆ. ನಾನು ಏನೂ ಹೇಳಿಲ್ಲ, ಅವರೂ ಕೇಳಿಲ್ಲ. ಮುಖ ಕೊಟ್ಟು ಮಾತಾಡಲು ನನಗಿನ್ನೂ ಮುಜುಗರ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ನಾನು ಹಾಕಲು ಹೊರಟಿದ್ದು ಅದನ್ನೇ. ದೊಡ್ಡದೊಂದು ಬೀಗ ತರುವ ಮೊದಲು ಪುಣ್ಯಕ್ಕೆ ಒಂದು ಕೆಲಸ ಮಾಡಿದೆ. ರಾತ್ರಿ ಟಾರ್ಚ್ ಹಿಡಿದು, ಕೈಯಲ್ಲಿ ಬೇರೇನೂ ಇಲ್ಲದೆ, ನಾನೇ ಕಳ್ಳನಾಗಿ ಹೊರಗಿನಿಂದ ಒಳಗೆ ಬಂದೆ. ಏಣಿ ಹೊರಗೇ ಇತ್ತು. ಪಿಕಾಸಿ ಕೊಟ್ಟಿಗೆಯ ಮೂಲೆಯಲ್ಲಿತ್ತು. ಕಬ್ಬಿಣದ ಸರಳುಗಳ ರಾಶಿ ಬೇಲಿಯ ಪಕ್ಕ. ಮೀಟಲು, ಏರಲು, ಸಾಗಿಸಲು ಬೇಕಾದದ್ದೆಲ್ಲ ದಾರಿಯುದ್ದಕ್ಕೂ ಸಿಕ್ಕಿತು. ಬರಿಗೈಯಲ್ಲಿ ಹೊರಟವನು ಶೆಡ್ಡಿನ ಬಾಗಿಲು ತಲುಪುವಷ್ಟರಲ್ಲಿ ಸರ್ವಸಜ್ಜಿತನಾಗಿದ್ದೆ. ಹಾಗಾಗಿ ಮೊದಲು ಒಳಗೆ ಸೇರಿದ್ದು ಬೆಲೆಬಾಳುವ ಯಂತ್ರಗಳಲ್ಲ. ಹಾರೆ, ಪಿಕಾಸಿ, ಸುತ್ತಿಗೆ, ಗರಗಸ ಮನೆಯೊಳಗೆ ಹೋದವು. ಏಣಿ ಮತ್ತು ಕೈಗಾಡಿಗೆ ಸರಪಳಿ ಬಿತ್ತು.

ಬಾಗಿಲಿಗೆ ವೆಲ್ಡಿಂಗ್ ಹುಡುಗನನ್ನು ಕರೆಸಿದೆ. ಚಿಲಕ ಗಟ್ಟಿ ಮಾಡಿಕೊಡು ಎಂದರೆ ಅವನು ಚಿಲಕದ ಕಡೆ ನೋಡಲೇ ಇಲ್ಲ. ಬಾಗಿಲಿನ ಇನ್ನೊಂದು ಬದಿಗೆ ಹೋಗಿ ಕೂತು, ಹಿಂಜಿನ ಕಡ್ಡಿಯನ್ನು ಕೆಳಗಿನಿಂದ ಸ್ಕ್ರೂಡ್ರೈವರಿನಲ್ಲಿ ಎರಡು ಏಟು ಹೊಡೆದ. ಕಡ್ಡಿ ಮೇಲೆದ್ದು ಅವನ ಕೈಗೆ ಬಂತು. "ಅಣ್ಣಾ, ನೀವು ಬೀಗ ಹಾಕಿರೋದು ಆ ಕಡೆ. ಬಾಗಿಲು ತೆಗೆಯೋದು ಈ ಕಡೆಯಿಂದ" ಎಂದು ನಕ್ಕ.

ಕಡ್ಡಿಯ ಎರಡೂ ತುದಿಗೆ ವೆಲ್ಡ್ ಬಿತ್ತು. ಹಿಂಜಿನ ಬದಿಯಲ್ಲಿ ಬಾಗಿಲಿಗೆ ಎರಡು ಗಟ್ಟಿ ಗೂಟ, ಚೌಕಟ್ಟಿನಲ್ಲಿ ಅವಕ್ಕೆ ತೂತು ಮಾಡಿಸಿದೆ. ಬಾಗಿಲು ಮುಚ್ಚಿದಾಗ ಗೂಟ ಒಳಗೆ ಕೂರುತ್ತದೆ, ಹಿಂಜು ಕತ್ತರಿಸಿದರೂ ಬಾಗಿಲು ಆ ಬದಿಯಿಂದ ಬರುವುದಿಲ್ಲ. ಚಿಲಕಕ್ಕೆ ಸ್ಕ್ರೂ ಬಿಟ್ಟು 10 ಎಂ.ಎಂ. ಬೋಲ್ಟು ಹಾಕಿದೆವು. ಹೊರಗೆ ಬೋಳು ಗುಂಡುತಲೆ, ಸ್ಪ್ಯಾನರಿಗೆ ಹಿಡಿತವೇ ಸಿಗುವುದಿಲ್ಲ. ನಟ್ಟು ಒಳಬದಿಗೆ. ಮರದ ಹಿಂದೆ 5 ಎಂ.ಎಂ. ಕಬ್ಬಿಣದ ತಗಡು ಕೊಟ್ಟಿದ್ದರಿಂದ ಮೀಟಿದರೆ ಜೋರು ಇಡೀ ತಗಡಿಗೆ ಹಂಚಿಹೋಗುತ್ತದೆ, ಮರ ಸಿಗಿಯುವುದಿಲ್ಲ.

ಬೀಗ ಕೊನೆಗೆ ಬಂತು. ಬೀಗದ ಕೊಂಡಿ ಹೆಚ್ಚು ಹೊರಗೆ ಕಂಡಷ್ಟೂ ಬೋಲ್ಟ್ ಕಟರಿನ, ಅಂದರೆ ಕಬ್ಬಿಣ ಕತ್ತರಿಸುವ ಉದ್ದ ಹಿಡಿಯ ಕತ್ತರಿಯ, ಬಾಯಿಗೆ ಸಲೀಸು. ಅದಕ್ಕೇ ಎರಡೂ ಭುಜ ಎತ್ತರವಿದ್ದು ಕೊಂಡಿಯನ್ನು ಮುಚ್ಚಿಕೊಳ್ಳುವಂಥದ್ದು ತಂದೆ. ಯುರೋಪಿನ ಇಎನ್ 12320 ಮಾನದಂಡದಲ್ಲಿ ಬೀಗಗಳಿಗೆ 1ರಿಂದ 6ರವರೆಗೆ ಏರುವ ದರ್ಜೆ ಇದೆ. ಪೆಟ್ಟಿಗೆಯ ಮೇಲೆ ಅದು ಅಚ್ಚಾಗಿದ್ದರೆ ಬೀಗದ ತೂಕ ನೋಡಿ ಮೋಸ ಹೋಗುವುದು ತಪ್ಪುತ್ತದೆ. ಜೊತೆಗೆ ಬೀಗದ ಸುತ್ತ ಕೆಳಗಷ್ಟೇ ತೆರೆದ ಕಬ್ಬಿಣದ ಡಬ್ಬಿ ಬೆಸೆಸಿದೆ. ಕೈ ತೂರುತ್ತದೆ, ಕಟರು ತೂರುವುದಿಲ್ಲ. ಮಳೆಗಾಲದಲ್ಲಿ ಈ ಬೀಗ ಒಮ್ಮೆ ನನಗೇ ತೆರೆಯಲಿಲ್ಲ. ಎಣ್ಣೆ ಬಿಟ್ಟು ಬಿಟ್ಟು ಒಳಗೆ ಧೂಳಿನ ಅಂಟು ಕಟ್ಟಿತ್ತು. ಈಗ ಎಣ್ಣೆ ಬಿಡುವುದಿಲ್ಲ, ಗ್ರಾಫೈಟ್ ಪುಡಿ ಊದುತ್ತೇನೆ.

ಇಷ್ಟೆಲ್ಲ ಮಾಡಿದರೂ ಬ್ಯಾಟರಿ ಗ್ರೈಂಡರ್ ಹಿಡಿದು ಬಂದವನು ಕೆಲವೇ ನಿಮಿಷದಲ್ಲಿ ಹೆಚ್ಚಿನ ಬೀಗಗಳನ್ನು ಕತ್ತರಿಸುತ್ತಾನೆ. ಆದರೆ ಆ ಕೆಲವು ನಿಮಿಷ ಕಿಡಿ ಹಾರುತ್ತದೆ, ಸದ್ದು ದೂರಕ್ಕೆ ಹೋಗುತ್ತದೆ. ನನಗೆ ಬೇಕಾದದ್ದು ಅದೇ: ಅವನು ಸದ್ದು ಮಾಡಲೇಬೇಕು, ಹೊತ್ತು ಹಾಕಲೇಬೇಕು. ನನ್ನ ಹೊಸ ಗ್ರೈಂಡರೇ ಅವನಿಗೆ ಒದಗಬಾರದೆಂದು ಅದರ ಬ್ಯಾಟರಿ, ಚಾರ್ಜರ್ ಎರಡೂ ಮನೆಯಲ್ಲಿರುತ್ತವೆ. ಬ್ಯಾಟರಿ ಇಲ್ಲದ ಯಂತ್ರವನ್ನು ಕದ್ದು ಮಾರುವುದೂ ಅಷ್ಟು ಸುಲಭವಲ್ಲ.

ಶೆಡ್ಡಿನೊಳಗೆ ನೆಲದಲ್ಲಿ ಗುಂಡಿ ತೋಡಿ, 16 ಎಂ.ಎಂ. ಸರಳಿನ ಬಳೆಯನ್ನು ಅಗಲ ತಗಡಿಗೆ ಬೆಸೆದು, ಕಾಂಕ್ರೀಟಿನಲ್ಲಿ ಹೂತಿದ್ದೇನೆ. ದೊಡ್ಡ ಯಂತ್ರಗಳೆಲ್ಲ ಅದಕ್ಕೆ ಸರಪಳಿಯಲ್ಲಿ. ಸರಪಳಿ ಉದ್ದ ಬಿಟ್ಟು ನೆಲಕ್ಕೆ ಬೀಳಿಸಬಾರದು. ನೆಲಕ್ಕೆ ತಾಗಿದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರವನ್ನೆಲ್ಲ ಹಾಕಬಹುದು. ಗಾಳಿಯಲ್ಲಿ ತೂಗುವ ಗಿಡ್ಡ ಸರಪಳಿಗೆ ಆ ಬಲ ಹಾಕಲು ಬರುವುದಿಲ್ಲ. ನನ್ನ ಎಡವಟ್ಟು ಬೇರೆಡೆ ಆಯಿತು. ಬ್ರಷ್ ಕಟರಿಗೆ ಸರಪಳಿ ಹಾಕಿದ್ದು ಅದರ ಹಿಡಿಗೆ. ಪಕ್ಕದ ಜಮೀನಿನ ಹುಡುಗ ಬಂದು ನೋಡಿ, "ಮಾಮಾ, ಇದೊಂದು ಬೋಲ್ಟು ಬಿಚ್ಚಿದರೆ ಹಿಡಿ ಇಲ್ಲೇ ಇರುತ್ತೆ, ಮಿಷಿನ್ನು ಹೋಗುತ್ತೆ" ಎಂದು ಅಲೆನ್ ಕೀಯಲ್ಲಿ ಬಿಚ್ಚಿಯೇ ತೋರಿಸಿದ.

ಗೇಟಿನದೂ ಇದೇ ಕಥೆ. ದಪ್ಪ ಸರಪಳಿ, ಒಳ್ಳೆ ಬೀಗ. ಆದರೆ ಗೇಟು ಕೂತಿದ್ದ ಎರಡೂ ಕೊಕ್ಕೆಗಳು ಮೇಲ್ಮುಖವಾಗಿದ್ದವು. ಇಬ್ಬರು ಹಿಡಿದೆತ್ತಿದರೆ ಬೀಗದ ಬದಿ ಹಾಗೇ ಇದ್ದು ಗೇಟು ಕೊಕ್ಕೆಯಿಂದ ಕಳಚಿಕೊಳ್ಳುತ್ತಿತ್ತು. ಮೇಲಿನ ಕೊಕ್ಕೆಯನ್ನು ತಿರುಗಿಸಿ ಕೆಳಮುಖ ಮಾಡಿಸಿದೆ. ಒಂದು ಗಂಟೆಯ ಕೆಲಸ. ಹಿಂಬದಿಯಲ್ಲಿ ಬೇಲಿಯ ಪಕ್ಕದವರೆಗೂ ವಾಹನ ಬರುವ ಹಳೇ ಬಂಡಿದಾರಿಯಿತ್ತು. ಅಲ್ಲಿ ಅಡ್ಡಲಾಗಿ ಕಂದಕ ತೆಗೆದು, ಮಣ್ಣನ್ನು ನಮ್ಮ ಬದಿಗೆ ಏರಿ ಹಾಕಿದೆ. ಭಾರದ ಸಾಮಾನನ್ನು ನೂರಾರು ಹೆಜ್ಜೆ ಕೈಯಲ್ಲಿ ಹೊರಬೇಕೆಂದರೆ ಕಳ್ಳನಿಗೂ ಬೇಸರ. ನನ್ನನ್ನು ಕೇಳಿದರೆ ಎಲ್ಲ ಬೀಗಗಳಿಗಿಂತ ಆ ಕಂದಕವೇ ಹೆಚ್ಚು ಕೆಲಸ ಮಾಡಿದೆ. ರಾತ್ರಿ ಟ್ರೈಲರನ್ನು ಶೆಡ್ ಬಾಗಿಲಿಗೆ ಒತ್ತಿ ನಿಲ್ಲಿಸುವುದೂ ರೂಢಿಯಾಗಿದೆ. ಇದಕ್ಕೆ ಖರ್ಚೇ ಇಲ್ಲ.

ಪಂಪಿನ ಕೇಬಲ್ಲಿಗೆ ಬೇರೆಯೇ ಉಪಾಯ ಬೇಕು. ಕಳ್ಳನಿಗೆ ಅದು ಕೇಬಲ್ಲಲ್ಲ, ತಾಮ್ರ. ಸುಟ್ಟು ಸಿಪ್ಪೆ ತೆಗೆದರೆ ಯಾರ ತಾಮ್ರವೆಂದು ಗುರುತೇ ಉಳಿಯುವುದಿಲ್ಲ. ಬಾವಿಯೊಳಗಿನದನ್ನು ಮುಟ್ಟದೆ, ನೆಲದ ಮೇಲೆ ಹೋಗುತ್ತಿದ್ದ ಭಾಗವನ್ನಷ್ಟೇ ಅಲ್ಯೂಮಿನಿಯಂಗೆ ಬದಲಿಸಿದೆ. ಅಷ್ಟೇ ಕರೆಂಟಿಗೆ ಅಲ್ಯೂಮಿನಿಯಂ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ತಾಮ್ರದ ಸುಮಾರು 1.6 ಪಟ್ಟು ಇರಬೇಕು. ಎರಡೂ ಲೋಹ ಸೇರುವಲ್ಲಿ ಅದಕ್ಕೆಂದೇ ಮಾಡಿದ ಲಗ್ಗುಗಳನ್ನು (ತಂತಿಯ ತುದಿಗೆ ಕೂರಿಸುವ ಲೋಹದ ತುಂಡು) ಹಾಕಬೇಕು, ಇಲ್ಲವಾದರೆ ಜೋಡಣೆ ಕಿಲುಬು ಹಿಡಿದು ಬಿಸಿಯಾಗುತ್ತದೆ. ಇದನ್ನು ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿದೆ. ಆಮೇಲೆ ಪೈಪಿನೊಳಗೆ ಹಾಕಿ ಎರಡಡಿ ಆಳದಲ್ಲಿ ಹೂತೆವು.

ಅದೇ ಪೈಪಿನಲ್ಲಿ ಒಂದು ತೆಳು ತಂತಿ ಹೋಗಿ ಬರುತ್ತದೆ. ಇದು ನನ್ನ ಹೆಮ್ಮೆಯ ವಿಷಯ, ಸ್ವಲ್ಪ ಹೇಳಿಕೊಳ್ಳುತ್ತೇನೆ. 12 ವೋಲ್ಟ್ ಬ್ಯಾಟರಿಯಿಂದ ಆ ತಂತಿಯ ಮೂಲಕ ಸಣ್ಣ ಕರೆಂಟು ಹರಿದು ಒಂದು ರಿಲೇಯನ್ನು, ಅಂದರೆ ಕರೆಂಟಿನಿಂದ ಆಡುವ ಸ್ವಿಚ್ಚನ್ನು, ಎಳೆದು ಹಿಡಿದಿರುತ್ತದೆ. ಯಾರಾದರೂ ಕೇಬಲ್ ಜೊತೆ ತಂತಿಯನ್ನೂ ಕತ್ತರಿಸಿದರೆ ರಿಲೇ ಬಿಡುತ್ತದೆ, ಮನೆಯ ಹತ್ತಿರದ ಸೈರನ್ ಕೂಗುತ್ತದೆ. ನನ್ನ ರಿಲೇ ಎಳೆಯುವುದು 30 ಮಿಲಿಆಂಪಿಯರ್, ದಿನಕ್ಕೆ ಮುಕ್ಕಾಲು ಆಂಪಿಯರ್-ಅವರ್‌ಗಿಂತಲೂ ಕಡಿಮೆ. 7 ಆಂಪಿಯರ್-ಅವರ್ ಬ್ಯಾಟರಿ ಒಂಬತ್ತು ದಿನ ತಡೆಯುತ್ತದೆ. ಪುಟ್ಟ ಸೋಲಾರ್ ಪ್ಯಾನೆಲ್ ಇರುವುದರಿಂದ ಮೋಡದ ದಿನಗಳಲ್ಲೂ ತೊಂದರೆಯಾಗಿಲ್ಲ. ಹೆಗ್ಗಣ ಎರಡು ಸಲ ತಂತಿ ಕಡಿದು ಇಡೀ ಮನೆಯನ್ನು ಎಬ್ಬಿಸಿದೆ, ಅದು ಬೇರೆ ಮಾತು.

ಬೇಲಿಗೋ ಬಾಗಿಲಿಗೋ ಮನೆಯ ಕರೆಂಟನ್ನೇ ಕೊಟ್ಟುಬಿಡು ಎಂದು ಸಲಹೆ ಕೊಟ್ಟವರು ಇದ್ದಾರೆ. ಬೇಡ. ಸಾಯುವುದು ದನ, ಮಗು, ಇಲ್ಲವೇ ಮನೆಯವರೇ. ಕಳ್ಳನೇ ಸತ್ತರೂ ಕೇಸು ನಮ್ಮ ಮೇಲೇ ಬೀಳುತ್ತದೆ.

ದೀಪದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಮೊದಲು ರಾತ್ರಿಯಿಡೀ ಉರಿಯುವ ದೊಡ್ಡ ದೀಪ ಹಾಕಿದ್ದೆ. ಯಾರೂ ನೋಡದ ಜಾಗದಲ್ಲಿ ಅದು ಕಳ್ಳನಿಗೆ ಬೆಳಕು ಕೊಟ್ಟಂತೆ. ಈಗಿರುವುದು ಆಳು ಸುಳಿದಾಗ ಹೊತ್ತಿಕೊಳ್ಳುವುದು. ಕತ್ತಲಲ್ಲಿ ತಟ್ಟನೆ ಬೆಳಕಾದರೆ ಮಲಗುವ ಕೋಣೆಯಿಂದಲೂ ಗೊತ್ತಾಗುತ್ತದೆ. ಅದರ ಸೆನ್ಸರ್ ಮೈಶಾಖದ ಚಲನೆಯನ್ನು ಗುರುತಿಸುತ್ತದೆ. ತನ್ನತ್ತ ನೇರ ಬರುವವನಿಗಿಂತ ಎದುರು ಅಡ್ಡ ಹಾಯುವವನು ಅದಕ್ಕೆ ಬೇಗ ಸಿಗುತ್ತಾನೆ. ಹಾಗಾಗಿ ದಾರಿಗೆ ಅಡ್ಡಲಾಗಿ ನೋಡುವಂತೆ, ಎರಡು ಮೀಟರಿಗಿಂತ ತುಸು ಮೇಲೆ ಕೂರಿಸಿದೆ. ಮುಂದಿದ್ದ ಕೊಂಬೆ ಕಡಿಯುವವರೆಗೆ ಗಾಳಿಗೂ ಬೆಕ್ಕಿಗೂ ಹೊತ್ತಿಕೊಳ್ಳುತ್ತಿತ್ತು.

ಕ್ಯಾಮೆರಾ ಎರಡಿವೆ. ಒಂದು ಎತ್ತರದಲ್ಲಿ, ಕಾಣಲೆಂದೇ ಇರುವಂಥದ್ದು. ಎತ್ತರದ್ದರಲ್ಲಿ ಸಿಗುವುದು ಟೋಪಿ ಮಾತ್ರ, ಮುಖವಲ್ಲ. ಇನ್ನೊಂದು ಹೊರಹೋಗುವ ದಾರಿಯಲ್ಲಿ, ಮುಖದ ಎತ್ತರಕ್ಕೆ, ಮರೆಯಲ್ಲಿ. ರಾತ್ರಿ ಕಾಣಲು ಇವು ಸೂಸುವ ಬೆಳಕು 850 ನ್ಯಾನೋಮೀಟರಿನದಾದರೆ ಕತ್ತಲಲ್ಲಿ ಮಸುಕು ಕೆಂಪು ಚುಕ್ಕೆಗಳು ಕಾಣುತ್ತವೆ. 940ರದ್ದು ಕಣ್ಣಿಗೆ ಬೀಳುವುದಿಲ್ಲ, ಆದರೆ ಅಷ್ಟು ದೂರ ತಲುಪುವುದೂ ಇಲ್ಲ. ಮರೆಯದಕ್ಕೆ 940 ತಂದೆ. ಅದು ಮೊದಲ ಕ್ಯಾಮೆರಾವನ್ನೂ ನೋಡುತ್ತಿರುತ್ತದೆ, ಯಾಕೆಂದರೆ ಕಂಡ ಕ್ಯಾಮೆರಾವನ್ನು ಕಾರ್ಡಿನ ಸಮೇತ ಕಿತ್ತುಕೊಂಡು ಹೋಗುವವರಿದ್ದಾರೆ.

ಗುರುತು ಹಾಕುವ ಕೆಲಸ ನನ್ನ ಹೆಂಡತಿ ವಹಿಸಿಕೊಂಡಳು. ಪ್ರತಿ ಯಂತ್ರದ ಸೀರಿಯಲ್ ನಂಬರ್ ತಗಡಿನ ಫೋಟೊ, ಇಡೀ ಯಂತ್ರದ ಫೋಟೊ, ಬಿಲ್ಲಿನ ಫೋಟೊ. ಲೋಹಕ್ಕೆ ಅಕ್ಷರದ ಪಂಚಿನಿಂದ, ಪ್ಲಾಸ್ಟಿಕ್ಕಿಗೆ ಕಾದ ಸೋಲ್ಡರಿಂಗ್ ಕಡ್ಡಿಯಿಂದ ನಮ್ಮದೊಂದು ಗುರುತು. ಕಾಣುವಲ್ಲಿ ಒಂದು, ಬಿಚ್ಚಿದರೆ ಮಾತ್ರ ಕಾಣುವಲ್ಲಿ ಇನ್ನೊಂದು. ಆಮೇಲೆ ಹಿಡಿ, ಮುಚ್ಚಳ, ಕೈಗಾಡಿ, ಏಣಿ ಎಲ್ಲದಕ್ಕೂ ಕಣ್ಣು ಕುಕ್ಕುವ ಗುಲಾಬಿ ಬಣ್ಣ. "ಏನು ಭಾವ, ಹಾರೆಗೂ ಪೌಡರ್ ಹಚ್ಚಿದ್ದೀರಾ?" ಎಂದು ಪಕ್ಕದ ಜಮೀನಿನವರು ಆಡಿಕೊಂಡರು. ಆದರೆ ಗುಲಾಬಿ ಚೈನ್ ಸಾವನ್ನು ಹೊತ್ತು ಮಾರಲು ಹೊರಟವನನ್ನು ನೋಡಿದವರು ಮರೆಯುವುದಿಲ್ಲ. ಹುಲ್ಲಿನಲ್ಲಿ ಮರೆತುಬಿಟ್ಟ ಕತ್ತಿಯೂ ಬೇಗ ಸಿಗುತ್ತದೆ.

ಸಾಮಾನು ಎಲ್ಲಿದೆ ಎಂದು ಫೋನಿಗೆ ತಿಳಿಸುವ ಬ್ಲೂಟೂತ್ ಬಿಲ್ಲೆ ಹಾಕಿ ಕೈಬಿಟ್ಟೆ. ಹತ್ತಿರ ಬೇರೆಯವರ ಫೋನು ಸುಳಿದರಷ್ಟೇ ಅದರ ಸುಳಿವು ಸಿಗುತ್ತದೆ, ನಮ್ಮ ಸುತ್ತ ಸುಳಿಯುವವರು ಕಮ್ಮಿ. ಅಲ್ಲದೆ ಅಂಥ ಕೆಲವು ಬಿಲ್ಲೆಗಳು ಒಯ್ಯುತ್ತಿರುವವನ ಫೋನಿಗೇ ಸೂಚನೆ ಕಳಿಸುತ್ತವೆ. ಸಿಮ್ ಇರುವ ಜಿಪಿಎಸ್ ಪೆಟ್ಟಿಗೆ ಟ್ರ್ಯಾಕ್ಟರಿಗೆ ಮಾತ್ರ ಇದೆ, ಕಬ್ಬಿಣ ಸುತ್ತುವರಿಯದ ಜಾಗದಲ್ಲಿ, ಟ್ರ್ಯಾಕ್ಟರಿನದೇ ಬ್ಯಾಟರಿಗೆ ಸೇರಿಸಿ.

ಕೊನೆಗೆ ಉಳಿದಿದ್ದು ಚಾವಣಿ. ಶೀಟಿನ ಬೋಲ್ಟುಗಳು ಹೊರಗಿನಿಂದ ಬಿಚ್ಚುವಂಥವು. ಒಳಗಡೆ ತೊಲೆಗಳಿಗೆ ಬಲೆ ಬೆಸೆಸಿದೆ. ಅದು ಮುಗಿದ ಮೇಲೇ ಇದನ್ನು ಬರೆಯಲು ಕೂತಿದ್ದು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ದೀಪ ಹೊತ್ತಿತು, ನಾಯಿ ಬೊಗಳಿತು. ನಾನು ಹೊರಗೆ ಹೋಗಲಿಲ್ಲ. ಒಳಗಿನಿಂದಲೇ ಗದರಿ, ಪಕ್ಕದವರಿಗೂ ಠಾಣೆಗೂ ಫೋನ್ ಮಾಡಿದೆ. ಬೆಳಿಗ್ಗೆ ನೋಡಿದರೆ ಬೀಗದ ಡಬ್ಬಿಯ ಅಂಚಿನಲ್ಲಿ ಕಟರಿನ ಹಲ್ಲು ಊರಿದ ಎರಡು ಹೊಳೆಯುವ ಕಚ್ಚು. ಕಂದಕದ ಆಚೆ ವಾಹನ ಹಿಂದೆ ಮುಂದೆ ಆಡಿ ತಿರುಗಿದ ಗುರುತು. ಮರೆಯ ಕ್ಯಾಮೆರಾದಲ್ಲಿ ಮಳೆ ಹನಿಗಳ ನಡುವೆ ಒಂದು ರೇನ್‌ಕೋಟಿನ ಬೆನ್ನು. ಕಚ್ಚಿನ ಫೋಟೊ ತೆಗೆದು, ಕ್ಯಾಮೆರಾದ ಕಾರ್ಡಿನ ಜೊತೆ ಠಾಣೆಗೆ ಕೊಟ್ಟೆ. ಈ ಸಲ ಸೀರಿಯಲ್ ನಂಬರ್‌ಗಳ ಪಟ್ಟಿಯೂ ಕೈಯಲ್ಲಿತ್ತು. ಹೋಗಿದ್ದೇನು ಎಂದು ಕೇಳಿದರು. ಏನೂ ಇಲ್ಲ ಎಂದೆ.