ಜೇಬಿನಲ್ಲಿದ್ದ ಮಾತ್ರೆ

ದಾವಣಗೆರೆಯಲ್ಲಿ ಯಾರಾದರೂ ಎದೆ ಹಿಡಿದಂತಾಗುತ್ತದೆ ಎಂದರೆ ಮೊದಲು ಬರುವ ಉತ್ತರ ಗ್ಯಾಸ್ಟ್ರಿಕ್. ಎರಡನೆಯದು ಬಿಪಿ. ಮೂರನೆಯದು ದೃಷ್ಟಿ. ನಾನು ಮೂರಕ್ಕೂ ಮದ್ದು ಮಾಡಿಸಿಕೊಂಡವನು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಸುಸ್ತೆನಿಸಿದಾಗ ಗಲ್ಲಿಯ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್, ಅಮಾವಾಸ್ಯೆಯ ಸಂಜೆ ಅತ್ತೆಯವರು ನಿವಾಳಿಸಿ ಎಸೆಯುತ್ತಿದ್ದ ನಿಂಬೆಹಣ್ಣು. ಮಂಡಕ್ಕಿ ಮೆಣಸಿನಕಾಯಿಯನ್ನಂತೂ ವರ್ಷಗಟ್ಟಲೆ ಮುಟ್ಟಲಿಲ್ಲ. ಪಾಪ, ಅದರ ತಪ್ಪೇನೂ ಇರಲಿಲ್ಲ.

ನನ್ನದು ತೆರಿಗೆ ಲೆಕ್ಕದ ಕಸುಬು. ಮಂಡಿಪೇಟೆಯ ವರ್ತಕರ ಜಿಎಸ್‌ಟಿ, ಆದಾಯ ತೆರಿಗೆ ಎಲ್ಲ ನನ್ನ ಮೇಜಿಗೇ ಬರುತ್ತವೆ. ಚಿತ್ರದುರ್ಗದಲ್ಲೂ ಕೆಲವು ಹಳೆಯ ಗಿರಾಕಿಗಳಿದ್ದಾರೆ. ರಿಟರ್ನ್ಸ್ ಸಲ್ಲಿಸುವ ಜುಲೈ ಕೊನೆಯಲ್ಲಿ, ದುರ್ಗದಿಂದ ಮರಳುವ ಬಸ್ಸು ಭರಮಸಾಗರ ದಾಟಿದ ಮೇಲೆ ಅದು ಮೊದಲ ಸಲ ಬಂತು. ಹೃದಯ ಕಾರಣವಿಲ್ಲದೆ ಬಡಿದುಕೊಳ್ಳತೊಡಗಿತು. ಬೆರಳ ತುದಿಗಳು ಜುಮ್ಮೆಂದವು, ತುಟಿಯ ಸುತ್ತ ಮರಗಟ್ಟಿತು, ಎಷ್ಟು ಉಸಿರೆಳೆದರೂ ಸಾಲದು ಅನಿಸಿತು. ಪಕ್ಕದವರ ಮಾತು ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ಹೃದಯಾಘಾತ ಎಂದೇ ತಿಳಿದು ನೇರವಾಗಿ ಆಸ್ಪತ್ರೆಗೆ ಹೋದೆ. ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲವೂ ಸರಿಯಿದ್ದವು. “ಏನೂ ಇಲ್ಲ, ಟೆನ್ಷನ್ ಮಾಡಿಕೊಳ್ಳಬೇಡಿ” ಎಂದು ಕಳುಹಿಸಿದರು.

ಮೊದಲ ಸಲ ಎದೆ ನೋವು ಬಂದವರು ಆಸ್ಪತ್ರೆಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೂ ಅದೇ ತಿಂಗಳು ಮತ್ತೆ ಮಾಡಿಸುವ ಇಸಿಜಿ ಪರೀಕ್ಷೆಯಲ್ಲ, ಸಮಾಧಾನ. ಆ ಸಮಾಧಾನ ಆಸ್ಪತ್ರೆಯ ಗೇಟು ದಾಟುವವರೆಗೂ ಉಳಿಯುವುದಿಲ್ಲ. “ಏನೂ ಇಲ್ಲ” ಎಂಬ ಮಾತಿನಷ್ಟು ರೋಗಿಯನ್ನು ಒಂಟಿ ಮಾಡುವ ಮಾತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಏನೂ ಇಲ್ಲದಿದ್ದರೆ ಬಸ್ಸಿನಲ್ಲಿ ಬಂದದ್ದೇನು?

ಉತ್ತರ ಸಿಕ್ಕಿದ್ದು ಮನೋವೈದ್ಯರ ಬಳಿ. ಮೊದಲು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಹೆಚ್ಚಾದರೂ, ರಕ್ತಹೀನತೆ ಇದ್ದರೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆಯಂತೆ. ದಿನಕ್ಕೆ ಎಷ್ಟು ಚಹಾ ಕುಡಿಯುತ್ತೀರಿ ಎಂದು ಕೇಳಿದರು, ನಾನು ನಿಜ ಹೇಳಿದೆ, ಅವರು ಬರೆದುಕೊಂಡು ನಿಟ್ಟುಸಿರು ಬಿಟ್ಟರು. ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರಗಳಲ್ಲಿ ಚಿಂತೆ, ಚಡಪಡಿಕೆ, ಸಿಡುಕು ಎಷ್ಟಿತ್ತು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಂಭೀರವಾಗಿ ವಿಚಾರಿಸಬೇಕು. ಜಿಎಡಿ-7 ಎಂಬ ಈ ಮಾಪನ 2006ರಿಂದ ಬಳಕೆಯಲ್ಲಿದೆ. ಅಂಕಿ ಕಂಡರೆ ನನಗೆ ಧೈರ್ಯ. ನನ್ನ ಕಷ್ಟಕ್ಕೂ ಒಂದು ಮೊತ್ತವಿದೆ ಎಂದು ತಿಳಿದಾಗಲೇ ಅರ್ಧ ಭಾರ ಇಳಿಯಿತು.

ಕಾಯಿಲೆಯ ಹೆಸರು ಪ್ಯಾನಿಕ್ ಡಿಸಾರ್ಡರ್. ಇದ್ದಕ್ಕಿದ್ದಂತೆ ಬರುವ ಭಯದ ದಾಳಿಗಿಂತ, ಮತ್ತೆ ಬಂದರೇನು ಗತಿ ಎಂಬ ಕಾಯುವಿಕೆಯೇ ಇಲ್ಲಿ ದೊಡ್ಡ ರೋಗ. ಆ ಹೊತ್ತಿಗೆ ನಾನು ಬಸ್ಸು ಬಿಟ್ಟಿದ್ದೆ, ಮದುವೆ ಮಂಟಪಗಳಲ್ಲಿ ಬಾಗಿಲ ಪಕ್ಕವೇ ಕೂರುತ್ತಿದ್ದೆ, ದುರ್ಗದ ಗಿರಾಕಿಗಳನ್ನು ಫೋನಿನಲ್ಲೇ ಸಂಭಾಳಿಸುತ್ತಿದ್ದೆ.

ವೈದ್ಯರು ಎಸಿಟಾಲೊಪ್ರಾಮ್ ಎಂಬ ಮಾತ್ರೆಯನ್ನು 5 ಮಿಲಿಗ್ರಾಂನಿಂದ ಶುರುಮಾಡಿ 10ಕ್ಕೆ ಏರಿಸಿದರು. ಇದನ್ನು ಓದಿ ಯಾರೂ ಔಷಧದಂಗಡಿಗೆ ಹೋಗಬೇಡಿ. ಯಾರಿಗೆ ಯಾವುದು, ಎಷ್ಟು ಎಂಬುದು ವೈದ್ಯರ ಲೆಕ್ಕ. ಗುಣ ಕಾಣಲು ಎರಡರಿಂದ ಆರು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಹೆಚ್ಚಲೂಬಹುದು ಎಂದು ಅವರು ಮುಂಚೆಯೇ ಎಚ್ಚರಿಸಿದ್ದರು. ಹಾಗೆಯೇ ಆಯಿತು. ಎಚ್ಚರಿಸದಿದ್ದರೆ ಆ ವಾರವೇ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಆ ಅವಧಿ ದಾಟಲು ಗಾಬರಿ ತಗ್ಗಿಸುವ ಕ್ಲೊನಾಜೆಪಾಮ್‌ನ ಚಿಕ್ಕ ಪ್ರಮಾಣವನ್ನೂ ಬರೆದುಕೊಟ್ಟರು, ಕೆಲವೇ ವಾರಗಳ ಮಟ್ಟಿಗೆ. ಎಸಿಟಾಲೊಪ್ರಾಮ್ ಚಟ ಹಿಡಿಸುವುದಿಲ್ಲ. ಕ್ಲೊನಾಜೆಪಾಮ್, ಆಲ್‌ಪ್ರಜೋಲಾಮ್‌ಗಳ ಗುಂಪು ಹಿಡಿಸುತ್ತದೆ. ಆಲ್‌ಪ್ರಜೋಲಾಮ್ ಸೇರಿದಂತೆ ಈ ಗುಂಪಿನ ಹಲವನ್ನು ಸರ್ಕಾರ ಕಟ್ಟುನಿಟ್ಟಾದ ಎಚ್1 ಪಟ್ಟಿಗೆ ಸೇರಿಸಿರುವುದು, ಅವುಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕಾಗಿರುವುದು ಸುಮ್ಮನೆ ಅಲ್ಲ.

ಮನೋವೈದ್ಯರೇ ನನ್ನನ್ನು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕಳುಹಿಸಿದರು. ಮಾತಿನಿಂದ ಏನಾಗುತ್ತದೆ ಎಂಬ ಅನುಮಾನದಲ್ಲೇ ಹೋದೆ. ಅಲ್ಲಿ ಮಾತಿಗಿಂತ ಕಸರತ್ತೇ ಜಾಸ್ತಿ ಇತ್ತು. ಆಕೆ ಗಡಿಯಾರ ನೋಡುತ್ತಾ, “ಒಂದು ನಿಮಿಷ ಜೋರಾಗಿ, ಬೇಗಬೇಗ ಉಸಿರಾಡಿ, ನಾನೂ ಆಡುತ್ತೇನೆ” ಎಂದರು. ಇಬ್ಬರೂ ಎದುರುಬದುರು ಕುರ್ಚಿಯಲ್ಲಿ ಕುಳಿತು ಏದುಸಿರು ಬಿಡತೊಡಗಿದೆವು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಬೆರಳು ಜುಮ್ಮೆಂದವು. ಆಮೇಲೆ ತುಟಿ, ಆಮೇಲೆ ತಲೆ ಹಗುರಾಗಿ ಗೋಡೆ ದೂರ ಸರಿದಂತಾಯಿತು. ಭರಮಸಾಗರದ ಬಸ್ಸಿನಲ್ಲಿ ಬಂದದ್ದು ಚಾಚೂ ತಪ್ಪದೆ, ಅದೇ ಕ್ರಮದಲ್ಲಿ, ದಾವಣಗೆರೆಯ ಒಂದು ಫ್ಯಾನಿನ ಕೆಳಗೆ ಬಂದು ಕುಳಿತಿತ್ತು. ಆಕೆಯ ಬೆರಳೂ ಜುಮ್ಮೆನ್ನುತ್ತಿದ್ದವಂತೆ. ಕೈ ಕೊಡವಿಕೊಂಡು ನಕ್ಕರು.

ವಿವರಣೆ ಆಮೇಲೆ ಬಂತು. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದರಿಂದ ಮಿದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗುತ್ತವೆ, ನರಗಳು ಕೆರಳುತ್ತವೆ. ತಲೆ ಹಗುರಾಗುವುದು, ಜುಮ್ಮೆನ್ನುವುದು ಅದರಿಂದ. ರಕ್ತದಲ್ಲಿ ಆಮ್ಲಜನಕಕ್ಕೆ ಕೊರತೆಯೇ ಇರುವುದಿಲ್ಲ. ಉಸಿರು ಸಾಲದು ಎನಿಸುವಾಗ ನಾವು ವಾಸ್ತವವಾಗಿ ಹೆಚ್ಚು ಉಸಿರಾಡುತ್ತಿರುತ್ತೇವೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಸುಳಿಯನ್ನು ಬಿಡಿಸಿಟ್ಟರು: ದೇಹದಲ್ಲಿ ಒಂದು ಸಣ್ಣ ಬದಲಾವಣೆ, ಅದನ್ನು ಸಾವಿನ ಸೂಚನೆ ಎಂದು ಓದಿಕೊಳ್ಳುವ ಮನಸ್ಸು, ಆ ಓದಿನಿಂದ ಇನ್ನಷ್ಟು ಅಡ್ರಿನಲಿನ್, ಅದರಿಂದ ಇನ್ನಷ್ಟು ಬಡಿತ. ಬಸ್ಸಿನಲ್ಲಿ ಎಚ್ಚರ ತಪ್ಪಿ ಬಿದ್ದರೆ ಎಂಬುದು ನನ್ನ ದೊಡ್ಡ ಭಯವಾಗಿತ್ತು. ಎಚ್ಚರ ತಪ್ಪಬೇಕಾದರೆ ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯಬೇಕು, ಗಾಬರಿಯಲ್ಲಿ ಅದು ಏರುತ್ತದೆ, ಆದ್ದರಿಂದ ಬೀಳುವುದು ಅಪರೂಪ ಎಂದರು. ರಕ್ತ, ಸೂಜಿ ಕಂಡರೆ ಬೀಳುವವರ ಕಥೆ ಬೇರೆ. ಅವರ ಒತ್ತಡ ನಿಜಕ್ಕೂ ಇಳಿಯುತ್ತದೆ, ಅವರಿಗೆ ಕಲಿಸುವ ಉಪಾಯವೂ ಬೇರೆ.

ಇಷ್ಟೆಲ್ಲ ಅರ್ಥವಾದ ಮೇಲೂ ಬಸ್ಸು ಹತ್ತಲು ಕಾಲು ಬರಲಿಲ್ಲ. ತಿಳಿವಳಿಕೆಗೂ ಧೈರ್ಯಕ್ಕೂ ನಡುವೆ ಇರುವ ಹಳ್ಳವನ್ನು ದಾಟಿಸಿದ್ದು ಒಂದು ಲೆಕ್ಕ. ನನ್ನ ಅಂಗಿ ಜೇಬಿನಲ್ಲಿ ಕ್ಲೊನಾಜೆಪಾಮ್‌ನ ತುಂಡು ಪಟ್ಟಿ ಯಾವಾಗಲೂ ಇರುತ್ತಿತ್ತು. ಅಂಗಿ ಬದಲಿಸಿದಾಗ ಪೆನ್ನು ಮರೆತರೂ ಅದು ಮರೆಯುತ್ತಿರಲಿಲ್ಲ. ಗಾಬರಿಯಾದಾಗ ಒಂದನ್ನು ನುಂಗಿದರೆ ಐದು ನಿಮಿಷಕ್ಕೆ ಹಾಯೆನಿಸುತ್ತಿತ್ತು. ಎಷ್ಟೋ ಸಲ ಬೆರಳಿನಿಂದ ಸವರಿದರೂ ಸಾಕಿತ್ತು. ಆಕೆ ಕೇಳಿದರು: “ಈ ಮಾತ್ರೆ ಹೊಟ್ಟೆಯಿಂದ ರಕ್ತಕ್ಕೆ ಸೇರಿ ಕೆಲಸ ಶುರುಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಐದು ನಿಮಿಷಕ್ಕೆ ನಿಮ್ಮನ್ನು ಉಳಿಸಿದ್ದು ಯಾರು?”

ನಾನು ಸುಮ್ಮನೆ ಕುಳಿತೆ. ಗಾಬರಿಯ ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ಮಾತ್ರೆ ತೆಗೆದು, ನೀರು ಹುಡುಕಿ, ನುಂಗುವಷ್ಟರಲ್ಲಿ ಅದು ಇಳಿಯುವ ದಾರಿ ಹಿಡಿದಿರುತ್ತಿತ್ತು. ನನ್ನ ದೇಹ ಮಾಡಿದ ಕೆಲಸವನ್ನು ನಾನು ಮಾತ್ರೆಯ ಖಾತೆಗೆ ಜಮಾ ಮಾಡುತ್ತಾ ಬಂದಿದ್ದೆ. ಲೆಕ್ಕ ತಪ್ಪು ಖಾತೆಗೆ ಹೋಗಿದೆ ಎಂದು ಗೊತ್ತಾದ ಮೇಲೆ ನಮ್ಮಂಥವರಿಗೆ ಸುಮ್ಮನಿರಲು ಆಗುವುದಿಲ್ಲ.

ಜೇಬಿನ ಮಾತ್ರೆಯಂಥವನ್ನು ಈ ಚಿಕಿತ್ಸೆಯಲ್ಲಿ ಸುರಕ್ಷತಾ ವರ್ತನೆಗಳು ಎನ್ನುತ್ತಾರೆ. ನನ್ನ ಪಟ್ಟಿ ಹೊರಬಂದಾಗ ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು: ನೀರಿನ ಬಾಟಲಿ, ಬಸ್ಸಿನ ಮುಂಬಾಗಿಲ ಸೀಟು, ನಾಡಿ ಎಣಿಸುವುದು, ದಾರಿಯಲ್ಲಿ ಬರುವ ಆಸ್ಪತ್ರೆಗಳನ್ನು ಗುರುತಿಟ್ಟುಕೊಳ್ಳುವುದು, ಜೊತೆಗೆ ಭಾವಮೈದುನ. ಒಂದೊಂದೂ ಆ ಹೊತ್ತಿಗೆ ಭಯ ತಗ್ಗಿಸುತ್ತದೆ, ಆದರೆ “ಇದಿಲ್ಲದಿದ್ದರೆ ಸಾಯುತ್ತಿದ್ದೆ” ಎಂಬ ನಂಬಿಕೆಯನ್ನು ಸಾಕುತ್ತದೆ. ಪ್ರಾಣಾಯಾಮವೂ ನನ್ನ ವಿಷಯದಲ್ಲಿ ಈ ಪಟ್ಟಿಗೆ ಸೇರಿತು, ಅದಕ್ಕೆ ಕೆಲವರು ನನ್ನ ಮೇಲೆ ಕೋಪಿಸಿಕೊಂಡಿದ್ದಾರೆ. ಬೆಳಗಿನ ಅಭ್ಯಾಸವಾಗಿ ಅದು ಈಗಲೂ ಇದೆ. ಗಾಬರಿ ಬಂದಾಗ ಅದನ್ನು ಓಡಿಸಲೆಂದು ಮಾತ್ರ ಮಾಡುವುದಿಲ್ಲ.

ಆಮೇಲೆ ಏಣಿ ಕಟ್ಟಿದೆವು, ಸುಲಭದ ಭಯ ಕೆಳಗೆ, ಕಠಿಣವಾದದ್ದು ಮೇಲೆ. ಕೆಳಗಿನ ಮೆಟ್ಟಿಲುಗಳೆಲ್ಲ ಮನೆಯೊಳಗಿನವು: ತಿರುಗುವ ಕುರ್ಚಿಯಲ್ಲಿ ಗಿರಗಿರ ತಿರುಗುವುದು, ಸಣ್ಣ ಸ್ಟ್ರಾ ಮೂಲಕ ಉಸಿರಾಡುವುದು, ಮಹಡಿ ಮೆಟ್ಟಿಲು ಓಡಿ ಹತ್ತುವುದು. ಹೃದಯದ ತೊಂದರೆ, ಆಸ್ತಮಾ, ಮೂರ್ಛೆ ರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇವುಗಳನ್ನು ಮಾಡಬಾರದು. ನಡುವೆ ಮದುವೆ ಮಂಟಪದ ನಟ್ಟನಡುವಿನ ಕುರ್ಚಿ, ದುರ್ಗದ ಬಸ್ಸಿನ ಕೊನೆಯ ಸೀಟು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ನೂಕುನುಗ್ಗಲು ಬಹಳ ಮೇಲಿತ್ತು. ಅದಕ್ಕೂ ಮೇಲೆ ಚಿತ್ರದುರ್ಗದ ಕೋಟೆ.

ಕೋಟೆ ಯಾಕೆಂದರೆ ಅಲ್ಲಿ ನನಗೆ ಬೇಡವಾದದ್ದೆಲ್ಲ ಒಟ್ಟಿಗೆ ಸಿಗುತ್ತದೆ. ಏಳು ಸುತ್ತಿನ ಕೋಟೆಯಲ್ಲಿ ಬಾಗಿಲ ಮೇಲೆ ಬಾಗಿಲು ದಾಟಿದಂತೆಲ್ಲ ಆಚೆಗೆ ಬರುವ ದಾರಿ ಉದ್ದವಾಗುತ್ತದೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ಎದೆ ಹೊಡೆದುಕೊಳ್ಳದೆ ಹತ್ತಲು ಸಾಧ್ಯವೇ ಇಲ್ಲ. ಕೊನೆಗೆ ಒನಕೆ ಓಬವ್ವನ ಕಿಂಡಿ, ಬಗ್ಗಿಯೇ ನುಸುಳಬೇಕು. ಮೊದಲು ಭಾವಮೈದುನನ ಜೊತೆ ಹೋದೆ. ಆಮೇಲೆ ಅವನು ಕೆಳಗೆ ಟಿಕೆಟ್ ಕೌಂಟರಿನ ಬಳಿ ಕುಳಿತ. ಕೊನೆಗೆ ಒಬ್ಬನೇ ಹೋದೆ, ಜೇಬಿನಲ್ಲಿ ಪೆನ್ನು ಮತ್ತು ಬಸ್ ಟಿಕೆಟ್ ಬಿಟ್ಟರೆ ಏನೂ ಇರಲಿಲ್ಲ.

ಹೋಗುವ ಮುನ್ನ ಪುಸ್ತಕದಲ್ಲಿ ಎರಡು ಅಂಕಣ ಬರೆಯುವುದು ನಿಯಮ. ಎಡಕ್ಕೆ ಏನಾಗುತ್ತದೆ ಎಂಬ ಊಹೆ ಮತ್ತು ನೂರಕ್ಕೆ ಎಷ್ಟು ನಂಬುತ್ತೇನೆ ಎಂಬುದು. ಬಲಕ್ಕೆ ನಿಜವಾಗಿ ಆದದ್ದು. ಕಿಂಡಿಯ ದಿನ ಎಡಗಡೆ “ಉಸಿರು ಕಟ್ಟಿ ಬೀಳುತ್ತೇನೆ, 80” ಎಂದಿದೆ. ಕಿಂಡಿಯೊಳಗೆ ನಿಂತು, ಗಾಬರಿ ಬರಲಿ ಎಂದು ಕಾದೆ. ಬಂತು. ಎದೆ ಬಡಿದುಕೊಂಡಿತು, ಅಂಗೈ ಬೆವರಿ ಗೋಡೆ ಜಾರಿತು. ಇನ್ನೂ ಬಾ ಎಂದುಕೊಂಡೆ. ಹಿಂದೆ ಶಾಲಾ ಪ್ರವಾಸದ ಮಕ್ಕಳ ಸಾಲು ನಿಂತಿತ್ತು. “ಅಂಕಲ್, ಒಳಗೇನಾದರೂ ಸಿಕ್ಕಿಹಾಕಿಕೊಂಡಿದ್ದೀರಾ?” ಎಂದು ಒಬ್ಬಳು ಕೇಳಿದಳು. ಅವಳಿಗೆ ಉತ್ತರ ಹುಡುಕುತ್ತಿರುವಾಗ ಭಯದ ಮೊನೆ ಮೊಂಡಾಗಿತ್ತು. ಬಲ ಅಂಕಣದಲ್ಲಿ “ಬೆವರು, ಮೊಣಕಾಲಿಗೆ ಮಣ್ಣು, ಮಕ್ಕಳ ನಗು” ಎಂದಿದೆ.

ಎಲ್ಲ ದಿನವೂ ಹೀಗೆ ಚೆಂದವಾಗಿರಲಿಲ್ಲ. ನಿದ್ದೆಗೆಟ್ಟ ಮರುದಿನ ಬಸ್ಸು ಹತ್ತಿ ಮುಂದಿನ ನಿಲ್ದಾಣದಲ್ಲೇ ಇಳಿದದ್ದೂ ಇದೆ. ಅದನ್ನೂ ಬರೆದಿದ್ದೇನೆ. ಮನೆಯಲ್ಲಿ “ಮನಸ್ಸು ಗಟ್ಟಿ ಮಾಡಿಕೋ” ಎಂಬ ಮಂತ್ರ ನಿಲ್ಲಲು ಬಹಳ ಕಾಲ ಬೇಕಾಯಿತು. ಮಗಳಿಗೆ ಸಂಬಂಧ ನೋಡುವ ಹೊತ್ತಿನಲ್ಲಿ ಅಪ್ಪ ಮನೋವೈದ್ಯರ ಬಳಿ ಹೋಗುವುದು ನಾಲ್ಕು ಜನಕ್ಕೆ ಗೊತ್ತಾಗಬಾರದು ಎಂದರು. ನಾಲ್ಕು ಜನರಲ್ಲಿ ಇಬ್ಬರು ಈಗಾಗಲೇ ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಸಂಬಂಧಿಕರೊಬ್ಬರಿಗೆ ಎಂದು ಹೇಳಿ ವಿಳಾಸ ಕೇಳಿದ್ದಾರೆ.

ಕೇಳಿದವರಿಗೆ ಹೇಳುವುದು ಇಷ್ಟು. ಖಾಸಗಿ ವೈದ್ಯರ ಖರ್ಚು ಭಾರವಾದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮವಿದೆ, ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಜಿಲ್ಲಾ ಮಟ್ಟದ ಈ ಇಡೀ ವ್ಯವಸ್ಥೆಯ ಮೂಲ ನಿಮ್ಹಾನ್ಸ್ 1980ರ ದಶಕದಲ್ಲಿ ಪಕ್ಕದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಇತರ ಕಡೆ ಶುರುಮಾಡಿದರು. ಹೊರಗೆ ಕಾಲಿಡಲೂ ಆಗದವರಿಗೆ, ಬದುಕು ಬೇಡ ಎನಿಸುವವರಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಗುಣವಾಯಿತೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ಚೇತರಿಸಿಕೊಂಡ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಹಂತ ಹಂತವಾಗಿ ಇಳಿಸಬೇಕು. ಥಟ್ಟನೆ ಬಿಟ್ಟರೆ ತಲೆ ಸುತ್ತು, ತಲೆಯಲ್ಲಿ ಕರೆಂಟು ಹೊಡೆದಂತೆ ಝಲ್ಲೆನ್ನುವುದು ಬರಬಹುದು, ಹಳೆಯ ರೋಗವೂ ಮರಳಬಹುದು. ನಾನೀಗ ಇಳಿಸುವ ಹಂತದಲ್ಲಿದ್ದೇನೆ. ವೈದ್ಯರು ಬೇಕೆಂದೇ ಜುಲೈ ಮುಗಿಯಲಿ ಎಂದು ಕಾದು ಶುರುಮಾಡಿದರು. ಚಹಾ ಕಡಿಮೆಯಾಗಿದೆ, ಪೂರ್ತಿ ಬಿಟ್ಟಿಲ್ಲ. ಏಣಿಯಲ್ಲಿ ಒಂದೇ ಮೆಟ್ಟಿಲು ಬಾಕಿ ಇದೆ, ಬೆಂಗಳೂರಿನ ಎತ್ತರದ ಕಟ್ಟಡದ ಲಿಫ್ಟು. ಗಿರಾಕಿಯೊಬ್ಬರ ಮೇಲ್ಮನವಿಯ ವಿಚಾರಣೆಗೆ ಮುಂದಿನ ತಿಂಗಳು ಅಲ್ಲಿಗೇ ಹೋಗಬೇಕು. ಎಡ ಅಂಕಣ ಈಗಾಗಲೇ ತುಂಬಿಸಿದ್ದೇನೆ, 60.