ನ್ಯಾಕ್ ತಂಡ ಬರುವ ಮುಂಚೆ ಕ್ಯಾಂಪಸ್ಸಿನ ಜನರನ್ನು ಸಜ್ಜು ಮಾಡುವುದು ಹೇಗೆ

ಬಳ್ಳಾರಿಯಲ್ಲಿ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ಭೇಟಿ ಅಂದರೆ ಕಾಲೇಜಿನಲ್ಲಿ ಸುಣ್ಣ-ಬಣ್ಣ ಶುರುವಾಗುತ್ತದೆ. ಅದಕ್ಕಿಂತ ಮೊದಲು ಜನರನ್ನು ತಯಾರು ಮಾಡಿ. ನೀವು ನ್ಯಾಕ್‌ಗೆ ಕಳಿಸಿದ ಸ್ವಯಂ ಅಧ್ಯಯನ ವರದಿಯ (ಕಾಲೇಜು ತನ್ನ ಬಗ್ಗೆ ತಾನೇ ಬರೆದುಕೊಡುವ ವರದಿ) 7 ಮಾನದಂಡಗಳನ್ನು ಸರಳ ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ, ಅಟೆಂಡರ್, ಲೈಬ್ರರಿಯವರು, ಹಾಸ್ಟೆಲ್ ವಾರ್ಡನ್, ಎಲ್ಲರ ಕೈಗೂ ಕೊಡಿ. ತಂಡ ವಿದ್ಯಾರ್ಥಿಗಳು, ಪೋಷಕರ ಜೊತೆಗೂ ಮಾತಾಡುತ್ತದೆ ಅಲ್ವಾ? ಅವರಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. ಸಿರುಗುಪ್ಪದಿಂದ ದಿನಾ ಬಸ್ಸಿಗೆ ಬರುವ ಹುಡುಗಿ ತನ್ನ ಮಾತಲ್ಲೇ, ಕನ್ನಡದಲ್ಲೇ ಹೇಳಲಿ. ಅನುವಾದಕ್ಕೆ ಪಕ್ಕದಲ್ಲಿ ಒಬ್ಬರಿರಲಿ.

ವರದಿಯಲ್ಲಿ ಬರೆದ ಪ್ರತಿಯೊಂದಕ್ಕೂ ಫೈಲ್ ಬೇಕು. ಒಮ್ಮೆ ನಮ್ಮಲ್ಲಿ ಎನ್‌ಎಸ್‌ಎಸ್ ಕ್ಯಾಂಪಿನ ಫೋಟೋ ಇತ್ತು, ತಾರೀಖು ಇಲ್ಲ, ಹಾಜರಿ ಪಟ್ಟಿಯೂ ಇಲ್ಲ. ಮಕ್ಕಳ ವಾರದ ದುಡಿಮೆ ಲೆಕ್ಕಕ್ಕೇ ಬರಲಿಲ್ಲ, ತುಂಬಾ ಬೇಜಾರಾಯಿತು.

ಬೇಸಿಗೆಯಾದರೆ ತಂಡದ ಹೊರಗಿನ ಸುತ್ತಾಟವನ್ನು ಬೆಳಿಗ್ಗೆ 10ರೊಳಗೆ ಮುಗಿಸಿ. ಜನರೇಟರಿಗೆ ಡೀಸೆಲ್ ಹಿಂದಿನ ದಿನವೇ ತುಂಬಿಸಿಡಿ.