ರೋಗದ ಹೆಸರುಗಳ ನಡುವೆ ತಪ್ಪಿಹೋದ ಕೊಂಡಿ ಹುಡುಕುವುದು ಹೇಗೆ?

ಆಸ್ಪತ್ರೆಯ ಕಂಪ್ಯೂಟರಿಗೆ ‘ನ್ಯುಮೋನಿಯಾ ಇರುವ ರೋಗಿಗಳನ್ನೆಲ್ಲ ತೋರಿಸು’ ಎಂದರೆ ಬ್ಯಾಕ್ಟೀರಿಯಾದಿಂದ ಬಂದದ್ದು, ವೈರಸ್‌ನಿಂದ ಬಂದದ್ದು ಎರಡೂ ಪಟ್ಟಿಗೆ ಬರಬೇಕು, ಅಲ್ವಾ? ಇದನ್ನು ಸಾಧ್ಯ ಮಾಡುವುದು ಸ್ನೋಮೆಡ್ ಸಿಟಿಯಂಥ (SNOMED CT) ವೈದ್ಯಕೀಯ ಪದಕೋಶ. ಮೂರೂವರೆ ಲಕ್ಷಕ್ಕೂ ಜಾಸ್ತಿ ಕಾನ್ಸೆಪ್ಟ್‌ಗಳಿರುವ (ಒಂದೊಂದು ಕಾಯಿಲೆ, ಲಕ್ಷಣ ಇತ್ಯಾದಿಗೆ ಒಂದೊಂದು ನಮೂದು) ಇದರಲ್ಲಿ ‘ಇದು ಅದರ ಒಂದು ಬಗೆ’ ಎಂದು ಹೇಳುವ ಕೊಂಡಿಗಳಿವೆ. ಇವೇ ‘ಈಸ್ ಎ’ ಸಂಬಂಧಗಳು. ಒಂದು ಕೊಂಡಿ ಇಲ್ಲದಿದ್ದರೂ ಕೆಲವು ರೋಗಿಗಳು ಲೆಕ್ಕದಿಂದಲೇ ಬಿಟ್ಟುಹೋಗಬಹುದು. ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಇಂಥ ತಪ್ಪಿದ ಕೊಂಡಿ ಹುಡುಕಲು ಮೊದಲು ಸ್ನೋಮೆಡ್‌ನ ಫೈಲ್‌ಗಳನ್ನು ತರಿಸಿಕೊಳ್ಳಿ. ಇದನ್ನು ನಡೆಸುವ ಅಂತರರಾಷ್ಟ್ರೀಯ ಸಂಸ್ಥೆಗೆ ಭಾರತ 2014ರಿಂದ ಸದಸ್ಯ ದೇಶ. ಹಾಗಾಗಿ ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಕೇಂದ್ರದ ಮೂಲಕ ಇದು ಉಚಿತ. ರಿಲೇಶನ್‌ಶಿಪ್ ಫೈಲಿನಲ್ಲಿ ಸಂಬಂಧದ ಸಂಖ್ಯೆ 116680003 ಇರುವ, ಚಾಲ್ತಿಯಲ್ಲಿರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳಿ. ಪ್ರತಿ ಕಾನ್ಸೆಪ್ಟ್‌ನಿಂದ ತುದಿಯವರೆಗೆ ಹತ್ತಿ, ಅದರ ಮೇಲಿರುವುದನ್ನೆಲ್ಲ ಪಟ್ಟಿ ಮಾಡಿ. ಎರಡು ಮೂರು ಮೆಟ್ಟಿಲು ದಾಟಿ ಸಿಗುವ ಸಂಬಂಧವನ್ನು ‘ಇಲ್ಲ’ ಎಂದು ಎಣಿಸಬಾರದು.

ನಂತರ ಹೆಸರುಗಳನ್ನು ಹೋಲಿಸಿ. ಒಂದರ ಪದಗಳೆಲ್ಲ ಇನ್ನೊಂದರಲ್ಲಿದ್ದು, ನಡುವೆ ಕೊಂಡಿ ಇಲ್ಲದಿದ್ದರೆ ಆ ಜೋಡಿಯ ಮೇಲೆ ಅನುಮಾನ ಇಡಿ. ‘ಲಂಗ್’, ‘ಪಲ್ಮನರಿ’ ಎರಡೂ ಶ್ವಾಸಕೋಶದ ಮಾತೇ, ಎರಡನ್ನೂ ಒಂದೇ ಎಂದು ಓದಿಸಬೇಕು. ಮೋಸ ಹೋಗುವುದೂ ಇಲ್ಲೇ. ‘ಫ್ಯಾಮಿಲಿ ಹಿಸ್ಟರಿ ಆಫ್ ಡಯಾಬಿಟಿಸ್ ಮೆಲಿಟಸ್’ ಎನ್ನುವುದರಲ್ಲಿ ಸಕ್ಕರೆ ಕಾಯಿಲೆಯ ಹೆಸರು ಪೂರ್ತಿ ಇದೆ. ಆದರೆ ಅಪ್ಪನಿಗೆ ಕಾಯಿಲೆ ಇತ್ತು ಅಂದಮಾತ್ರಕ್ಕೆ ಮಗಳಿಗೆ ಇದೆ ಎಂದಲ್ಲ. ಹೆಸರಿನ ಕೊನೆಯ ಗುರುತು ನೋಡಿ: ಒಂದಕ್ಕೆ ‘ಡಿಸಾರ್ಡರ್’, ಇನ್ನೊಂದಕ್ಕೆ ‘ಸಿಚುಯೇಶನ್’. ಹೀಗೆ ಒಂದು ಕಾಯಿಲೆ, ಇನ್ನೊಂದು ಬರೀ ಸಂದರ್ಭವಾದರೆ ಆ ಜೋಡಿ ಕೈಬಿಡಿ. ‘ಡಯಾಬಿಟಿಸ್ ಇನ್ಸಿಪಿಡಸ್’ ಇನ್ನೂ ಕಷ್ಟದ್ದು. ಅದಕ್ಕೂ ‘ಡಿಸಾರ್ಡರ್’ ಗುರುತೇ ಇದೆ, ಆದರೆ ಸಕ್ಕರೆ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಒಂದೇ ಪದ ಹೊಂದಿದರೆ ಸಾಲದು.

ರಚನೆಯನ್ನೂ ನೋಡಬಹುದು. ಮೆಟ್ಟಿಲಿನಲ್ಲಿ ಮೇಲಿರುವ ಯಾವುದೋ ಎರಡು ಕಾನ್ಸೆಪ್ಟ್‌ಗಳ ಕೆಳಗೆ, ಎರಡಕ್ಕೂ ಸೇರಿದ, ತೀರಾ ಹತ್ತಿರದ ಸಂತಾನ (ಕೆಳಗಿನ ಕಾನ್ಸೆಪ್ಟ್) ಒಂದರ ಬದಲು ಎರಡು ಸಿಕ್ಕಿದರೆ ಅಲ್ಲಿ ನಿಲ್ಲಿ. ಆ ಎರಡು ಸಂತಾನಗಳ ನಡುವೆಯೇ ಕೊಂಡಿ ತಪ್ಪಿರಬಹುದು, ಇಲ್ಲವೇ ನಡುವಿನ ಒಂದು ಕಾನ್ಸೆಪ್ಟನ್ನೇ ಯಾರೂ ಸೇರಿಸಿರಲಿಕ್ಕಿಲ್ಲ.

ಅನುಮಾನದ ಪಟ್ಟಿ ಸಿಕ್ಕಿತು ಅಂತ ಸುಮ್ನೆ ಕೊಂಡಿ ಹಾಕಬೇಡಿ. ನನ್ನ ಮಟ್ಟಿಗೆ ಇದೇ ಮುಖ್ಯ ಮಾತು. ಸ್ನೋಮೆಡ್‌ನಲ್ಲಿ ಎಷ್ಟೋ ಕೊಂಡಿಗಳನ್ನು ಕಂಪ್ಯೂಟರೇ ವ್ಯಾಖ್ಯೆಯಿಂದ ಲೆಕ್ಕ ಹಾಕುತ್ತದೆ. ಬ್ಯಾಕ್ಟೀರಿಯಲ್ ನ್ಯುಮೋನಿಯಾ ಅಂದರೆ ಜಾಗ ಶ್ವಾಸಕೋಶ, ಕಾರಣ ಬ್ಯಾಕ್ಟೀರಿಯಾ. ಕೆಳಗೆ ಬರಬೇಕಾದ ಕಾಯಿಲೆಗೆ ಕಾರಣ ಬರೆದೇ ಇಲ್ಲದಿದ್ದರೆ ಅದು ಇದರಡಿ ಬಂದು ಕೂರುವುದಾದರೂ ಹೇಗೆ? ಮೇಲಿನದರ ವ್ಯಾಖ್ಯೆಯೇ ಅರ್ಧಕ್ಕೆ ನಿಂತಿದ್ದರೂ ಇದೇ ಗತಿ. ಕೊರತೆ ಇರುವ ಕಡೆಯೇ ತುಂಬಿ, ಕ್ಲಾಸಿಫೈಯರ್ (ವ್ಯಾಖ್ಯೆಯಿಂದ ಕೊಂಡಿ ಲೆಕ್ಕ ಹಾಕುವ ಪ್ರೋಗ್ರಾಂ) ಮತ್ತೆ ಓಡಿಸಿ. ಆ ಒಂದು ಕೊಂಡಿಯ ಜೊತೆಗೆ ಬೇರೆ ಕೆಲವೂ ತಾವಾಗಿ ಸರಿಹೋಗಬಹುದು. ಹೊಸದಾಗಿ ಬಂದ ಪ್ರತಿ ಕೊಂಡಿಯನ್ನೂ ಆ ಕಾಯಿಲೆ ಗೊತ್ತಿರುವ ವೈದ್ಯರಿಗೆ ತೋರಿಸಿ. ಅವರು ಒಪ್ಪಿದ್ದನ್ನು ಮಾತ್ರ ಕಾರಣ ಸಮೇತ ಬರೆದು, ರಾಷ್ಟ್ರೀಯ ಕೇಂದ್ರಕ್ಕೆ ಬದಲಾವಣೆ ಕೋರಿಕೆಯಾಗಿ ಕಳಿಸಿ.